ನಮ್ಮ ಪುಕ್ಕಲು ಸರ್

ನಮ್ಮ ಗಣಿತದ ಸರ್ ತೀರಿಕೊಂಡ ಮೇಲೆ ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಒಂದು ಸಭೆ ಸೇರಿಸಿದ್ದರು. ಮಾತಾಡಿದವರಲ್ಲಿ ಹೆಚ್ಚಿನವರು ಅವರನ್ನು ಎದೆಗಾರ, ಯಾರಿಗೂ ಅಂಜದ ಮನುಷ್ಯ ಎಂದರು. ಸತ್ತವರ ಬಗ್ಗೆ ಆಡುವ ಮಾತಿಗೆ ಅಳತೆ ಇರುವುದಿಲ್ಲ, ಒಪ್ಪಿದೆ. ಆದರೂ ಇದು ಅತಿಯಾಯಿತು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು. ಅಳುತ್ತಿದ್ದಾರೋ ನಗು ತಡೆದುಕೊಂಡಿದ್ದಾರೋ ತಿಳಿಯಲಿಲ್ಲ. ಆಮೇಲೆ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: “ಕೇಳಿದ್ಯಾ ಬೇಟಾ? ಗ್ಯಾಸ್ ಬಂದ್ ಮಾಡೀಯೇನು ಅಂತ ದವಾಖಾನಿ ಪಲಂಗದ ಮ್ಯಾಲಿಂದ ಕೇಳ್ತಿದ್ರು ನಿಮ್ಮ ಸರ್.”

ಅವರಷ್ಟು ಹೆದರುವ ಮನುಷ್ಯನನ್ನು ನಾನು ಕಂಡಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲಾದರೂ ತಮ್ಮ ಹೆಸರು ಅಚ್ಚಾದರೆ ಏನು ಗಂಡಾಂತರ ಬರುತ್ತದೋ ಎಂದುಕೊಂಡಿದ್ದವರು ಅವರು.

ಜಗತ್ ಸರ್ಕಲ್ಲಿನಲ್ಲಿ ಅವರು ರಸ್ತೆ ದಾಟುವುದನ್ನು ನೋಡಬೇಕಿತ್ತು. ಒಬ್ಬರೇ ಎಂದೂ ದಾಟುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡ ಹೆಂಗಸೋ, ಕೋಲೂರಿದ ಮುದುಕರೋ ಬರುವ ತನಕ ಫುಟ್‌ಪಾತಿನ ಅಂಚಿನಲ್ಲಿ ಕಾಯುತ್ತಿದ್ದರು. ಆಟೋದವರು ಅಂಥವರನ್ನು ಕಂಡಾದರೂ ಬ್ರೇಕ್ ಹಾಕುತ್ತಾರೆ ಎಂಬುದು ಅವರ ಲೆಕ್ಕ. ದೂರದಿಂದ ನೋಡಿದವರು, ಪಾಪ, ಮುದುಕರ ಕೈ ಹಿಡಿದು ದಾಟಿಸುವ ದೊಡ್ಡ ಮನುಷ್ಯ ಎಂದುಕೊಳ್ಳುತ್ತಿದ್ದರು. ದಾಟಿಸುತ್ತಿದ್ದವರು ಮುದುಕರು.

ಪಾಠದಲ್ಲೂ ಹಾಗೆಯೇ. “ಫರ್ಜ್ ಮಾಡ್ರಿ” ಎಂದೇ ಅವರ ಪ್ರತಿಯೊಂದು ಲೆಕ್ಕ ಶುರುವಾಗುತ್ತಿತ್ತು. ಮನೆಯ ಮಾತು ಉರ್ದು, ಕನ್ನಡ ಅವರು ಬಜಾರಿನಲ್ಲಿ ಕಲಿತದ್ದು. ಊಹಿಸಿಕೊಳ್ಳಿ ಎಂಬುದಕ್ಕೆ ಕೊನೆಯವರೆಗೂ ಫರ್ಜ್ ಬಿಟ್ಟರೆ ಬೇರೆ ಪದ ಹುಡುಕಲಿಲ್ಲ. ಫರ್ಜ್ ಮಾಡ್ರಿ, ಎಕ್ಸ್ ಅಂದ್ರ ಒಂದು ಸಂಖ್ಯಾ. ಫರ್ಜ್ ಮಾಡ್ರಿ, ಈ ಗೆರಿ ಆ ಗೆರಿಗಿ ಕೂಡಂಗಿಲ್ಲ. ಗಂಟೆ ಮುಗಿದು ಹೊರಗೆ ಬಂದ ಮೇಲೂ ಅದು ನಿಲ್ಲುತ್ತಿರಲಿಲ್ಲ. ಫರ್ಜ್ ಮಾಡು, ಬಸ್ ನಡುದಾರಿಗಿ ನಿಂತ್ತು. ಫರ್ಜ್ ಮಾಡು, ಹಾಲ್ ಟಿಕೆಟ್ ಮಳಿಗಿ ತೊಯ್ತು. ಅವರ ಹೆಂಡತಿಯನ್ನು ನಾನು ಖಾಲಾ ಎಂದು ಕರೆಯುತ್ತಿದ್ದೆ. “ಚಿಂತಿ ಮಾಡಾಕ ಏನೂ ಸಿಗದಿದ್ರ ಇವರಿಗಿ ಜ್ವರ ಬರ್ತದ” ಎಂದು ಅವರು ಆಡಿಕೊಳ್ಳುತ್ತಿದ್ದರು.

ಅಂಥವರ ಕೈಗೆ ನನ್ನಂಥವಳು ಸಿಕ್ಕಿಬಿದ್ದೆ.

ನನಗೆ ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ವಯಸ್ಸಾದವರಿಗೆ ಬಂದು ಗುಳಿಗೆಗೆ ಬಗ್ಗುವಂಥದ್ದಲ್ಲ. ಮಕ್ಕಳಿಗೆ ಬಂದು ಜೀವಮಾನವಿಡೀ ಜೊತೆಗಿರುವಂಥದ್ದು. ಊಟಕ್ಕೊಮ್ಮೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅದು ಹೆಚ್ಚಾದರೆ ಅಥವಾ ಊಟ ತಡವಾದರೆ ಸಕ್ಕರೆ ಇಳಿದು ಮೈ ಬೆವರುತ್ತದೆ, ಕೈ ನಡುಗುತ್ತದೆ, ಬಾಯಿಗೆ ಮಾತು ಸಿಗುವುದಿಲ್ಲ. ಆಗ ಯಾರಾದರೂ ಸಕ್ಕರೆ ತಿನ್ನಿಸದಿದ್ದರೆ ಮುಂದಿನದು ನನ್ನ ಕೈಯಲ್ಲಿಲ್ಲ.

ಕಮಲಾಪುರದಲ್ಲಿ ಇದು ನಮ್ಮ ಮನೆಯ ಗೋಡೆ ದಾಟಿರಲಿಲ್ಲ. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ. ದಿನವಿಡೀ ಜನ ಬಂದು ಹೋಗುವ ಜಾಗ. ಹೆಣ್ಣುಮಗಳಿಗೆ ಇಂಥ ರೋಗವಿದೆ ಎಂದು ಗೊತ್ತಾದರೆ ಮುಂದೆ ಯಾರು ಮಾಡಿಕೊಳ್ಳುತ್ತಾರೆ ಎಂದು ಅವ್ವನಿಗೆ ಭಯ. “ಕೇಳಿದವರಿಗಿ ರಕ್ತ ಕಡಿಮಿ ಅದ ಅನ್ನು” ಎಂದು ಹೇಳಿಕೊಟ್ಟಿದ್ದಳು. ರಕ್ತ ಕಡಿಮೆ ಎಂದ ಮೇಲೆ ನಮ್ಮ ಬಳಗ ಸುಮ್ಮನಿರುತ್ತದೆಯೇ? ಸೋದರತ್ತೆಯರು, ಚಿಗವ್ವಂದಿರು ಬಂದಾಗಲೆಲ್ಲ ಬೆಲ್ಲ ಹಾಕಿದ ಶೇಂಗಾ ಉಂಡೆ, ಖರ್ಜೂರ, ಎಳ್ಳಿನ ಚಿಗಳಿ ತಂದು, ನನ್ನನ್ನು ಎದುರಿಗೆ ಕೂರಿಸಿಕೊಂಡು ತಿನ್ನಿಸಿಯೇ ಹೋಗುತ್ತಿದ್ದರು. ಅವರು ಬಾಗಿಲು ದಾಟುವುದೇ ತಡ, ಅವ್ವ ಒಳಗೆ ಕರೆದುಕೊಂಡು ಹೋಗಿ ಇನ್ನೊಂದು ಸೂಜಿ ಚುಚ್ಚುತ್ತಿದ್ದಳು. ಈಗ ನಗು ಬರುತ್ತದೆ. ಆಗ ಉಂಡೆಯ ಡಬ್ಬಿ ಕಂಡರೆ ನನಗೆ ಅಳು ಬರುತ್ತಿತ್ತು.

ಪಿಯುಸಿಗೆ ದಿನಾ ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಧ್ಯಾಹ್ನದ ಸೂಜಿಯನ್ನು ಕಾಲೇಜಿನ ಹೆಣ್ಣುಮಕ್ಕಳ ಪಾಯಖಾನೆಯಲ್ಲಿ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಸರ್ ನನ್ನನ್ನು ಬೋರ್ಡಿಗೆ ಕರೆದರು. ಸೀಮೆಸುಣ್ಣ ಹಿಡಿದು ನಿಂತೆ. ನಾನೇ ಬರೆದ ಅಂಕಿ ನನಗೆ ಓದಲು ಬರಲಿಲ್ಲ. ಹಿಂದಿನ ಬೆಂಚಿನವರು ನಕ್ಕರು. ಸರ್ ನಗಲಿಲ್ಲ, ಬೈಯಲೂ ಇಲ್ಲ. “ಕೈ ಯಾಕ ನಡುಗಾಕತ್ತಾವ ನಿಂದು?” ಎಂದು ಕೇಳಿ ಸ್ಟಾಫ್ ರೂಮಿಗೆ ಕರೆದುಕೊಂಡು ಹೋದರು. “ಸಕ್ರಿ” ಎಂದಷ್ಟೇ ನನ್ನ ಬಾಯಿಂದ ಬಂತು. ಚಹಾಕ್ಕೆಂದು ಇಟ್ಟಿದ್ದ ಸಕ್ಕರೆ ಡಬ್ಬಿಯನ್ನೇ ನನ್ನ ಮುಂದಿಟ್ಟರು.

ಸುಧಾರಿಸಿಕೊಂಡ ಮೇಲೆ ಎಲ್ಲ ಹೇಳಿದೆ. ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿಕೊಂಡೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು. ಈಗ ನೀರು ಬೇಕಾದದ್ದು ಅವರಿಗೆ. “ಮೊದಲೇ ಯಾಕ ಹೇಳಲಿಲ್ಲ ಬೇಟಾ? ಎಷ್ಟು ಸಲ ನಿನ್ನ ಬೋರ್ಡಿನ ಮುಂದ ನಿಂದರಿಸೀನಿ ನಾ!” ಎಂದು ಒಂದೇ ಸಮನೆ ಹೇಳತೊಡಗಿದರು.

ಮರುದಿನದಿಂದ ಅವರಿಗೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು. ಪಾಠದ ನಡುವೆ ಥಟ್ಟನೆ ನಿಂತು, ಛಾವಣಿ ನೋಡುತ್ತಾ, “ಎಲ್ಲಾರೂ ಛಲೋ ಅದೀರಲ್ಲ?” ಎಂದು ಕೇಳುತ್ತಿದ್ದರು. “ಹೌದ್ರಿ ಸರ್” ಎಂದು ಇಡೀ ತರಗತಿ ಕೂಗುತ್ತಿತ್ತು. ಹಿಂದಿನ ಬೆಂಚಿನಿಂದ ಯಾರಾದರೂ “ನೀವು ಛಲೋ ಅದೀರೇನ್ರಿ ಸರ್?” ಎನ್ನುತ್ತಿದ್ದರು. ಸರ್‌ಗೆ ಅರಳುಮರಳು ಶುರುವಾಗಿದೆ ಎಂದು ಹುಡುಗರು ಮಾತಾಡಿಕೊಂಡರು. ಆ ಗದ್ದಲದಲ್ಲಿ ನನ್ನ ದನಿ ಸೇರಿದೆಯೇ ಎಂಬುದೊಂದೇ ಅವರಿಗೆ ಬೇಕಾಗಿತ್ತು. ತಪ್ಪಿಯೂ ನನ್ನ ಕಡೆ ನೋಡುತ್ತಿರಲಿಲ್ಲ. ಪುಕ್ಕಲರಿಗೆ ಗುಟ್ಟು ಕಾಯಲು ಬರುವುದಿಲ್ಲ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಬೇಸಿಗೆ ಬಂತು. ಕಲಬುರಗಿಯ ಬಿಸಿಲಿನಲ್ಲಿ ಇನ್ಸುಲಿನ್ ಚೀಲದೊಳಗೆ ಕೆಟ್ಟುಹೋಗುತ್ತದೆ ಎಂದು ಸರ್ ಯಾರೋ ಡಾಕ್ಟರನ್ನು ವಿಚಾರಿಸಿಕೊಂಡು ಬಂದರು. ಕಾಲೇಜಿನ ಹಿಂದಿನ ಗಲ್ಲಿಯಲ್ಲೇ ಅವರ ಮನೆ. ಮಧ್ಯಾಹ್ನದ ಔಷಧಿ ಖಾಲಾ ಅವರ ಫ್ರಿಜ್ಜಿಗೆ ಹೋಯಿತು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಖಾಲಾ ಅದನ್ನು ಕೇಳದೆಯೇ ತಿಳಿದುಕೊಂಡು ಮೇಲಿನ ಅರೆಯನ್ನು ಪೂರಾ ಖಾಲಿ ಮಾಡಿ, ಹೊಸ ಡಬ್ಬಿ ತಂದು, “ಇದರ ಬಾಜು ಬರೇ ಮಸರು ಇಡ್ತೀನಿ ಅಂತ ನಿಮ್ಮವ್ವಗ ಹೇಳು” ಎಂದರು. ಆಮೇಲೆ ಸರ್‌ಗೆ ಮತ್ತೊಂದು ಕೆಲಸ ಹತ್ತಿತು. ಸ್ಟಾಫ್ ರೂಮಿನ ಫ್ಯಾನ್ ನಿಂತರೆ ಸಾಕು, ಮನೆಗೆ ಫೋನ್. “ಕರೆಂಟ್ ಅದನ? ಫ್ರಿಜ್ ಬಾಗಿಲ ತೆಗೀಬ್ಯಾಡ.” ಕಲಬುರಗಿಯ ಕರೆಂಟಿನ ಕಥೆ ಗೊತ್ತಿದ್ದವರಿಗೆ ಎಷ್ಟು ಫೋನ್ ಹೋಗಿರಬಹುದೆಂದು ಹೇಳಬೇಕಾಗಿಲ್ಲ. “ಕಾಯ್ಕು ಇತ್ತಾ ಡರ್ತೇ ಜೀ, ಯಾಕಿಷ್ಟು ಅಂಜ್ತೀರಿ?” ಎಂದು ಖಾಲಾ ಫೋನಿನಲ್ಲೇ ಗದರುವುದು ಆಚೆ ಕೂತವರಿಗೂ ಕೇಳುತ್ತಿತ್ತು.

ಎರಡನೆಯ ವರ್ಷದಲ್ಲಿ ಒಂದು ದಿನ ಸರ್ ನನ್ನನ್ನು ಕೂರಿಸಿಕೊಂಡು ದೂರದ ಊರಿನ ಒಂದು ಕಾಲೇಜಿನ ಬಗ್ಗೆ ಹೇಳಿದರು. “ಗಣಿತಕ್ಕ ಅದಕ್ಕಿಂತ ದೊಡ್ಡ ಜಾಗಾ ನಮ್ಮ ದೇಶದಾಗ ಇಲ್ಲ. ಸಾವಿರಗಟ್ಟಲೆ ಮಂದಿ ಪರೀಕ್ಷಾ ಬರೀತಾರ. ಈ ಒಂದು ಕ್ಲಾಸ್ ರೂಮ್ ತುಂಬೂವಷ್ಟು ಮಂದಿನ ತಗೋತಾರ. ನೀ ಬರಿ.” ಅಂಜುಬುರುಕ ಮನುಷ್ಯ ಇಷ್ಟು ದೊಡ್ಡ ಮಾತನ್ನು ಫರ್ಜ್ ಇಲ್ಲದೆ ಹೇಳಿದ್ದು ಅದೇ ಮೊದಲು. ಆ ರಾತ್ರಿಯಿಂದ ನನಗೆ ಆ ಸೀಟೊಂದೇ ಬೇಕಾಯಿತು. ಊಟ, ಬಟ್ಟೆ, ಹಬ್ಬ ಯಾವುದೂ ರುಚಿಸಲಿಲ್ಲ. ಇಷ್ಟು ಆಸೆಯನ್ನು ನಾನು ಆಮೇಲೆ ಯಾವುದರ ಮೇಲೂ ಇಟ್ಟಿಲ್ಲ.

ಅರ್ಜಿ ತುಂಬುವಾಗ ಒಂದು ಪ್ರಶ್ನೆ ಬಂತು. ದೀರ್ಘಕಾಲದ ಕಾಯಿಲೆ ಏನಾದರೂ ಇದೆಯೇ? ಹೌದು, ಇಲ್ಲ. ಅಲ್ಲಿ ಹಾಸ್ಟೆಲಿನಲ್ಲಿ ಇರುವುದು ಕಡ್ಡಾಯ, ಅದಕ್ಕಾಗಿ ಕೇಳಿದ್ದರು. ನನ್ನ ಬೆರಳು ‘ಇಲ್ಲ’ದ ಕಡೆಗೇ ಹೋಯಿತು. ಪಕ್ಕದಲ್ಲಿ ಕೂತಿದ್ದ ಸರ್ ತಡೆದರು. “ನಿಂದ್ರು. ನಿಮ್ಮವ್ವಗ ಕೇಳಬೇಕು.”

ಮುಂದಿನ ರಜೆಯ ದಿನ ಸರ್ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಅವ್ವ ಚೂಡಾ, ಚಹಾ ಕೊಟ್ಟಳು. ವಿಷಯ ತೆಗೆಯುತ್ತಲೇ ಅವಳ ಕಣ್ಣು ತುಂಬಿತು.

“ನಿಮ್ಮ ಕಾಲಿಗಿ ಬೀಳ್ತೀನ್ರಿ ಸರ್, ಅದೊಂದು ಬರಸಬ್ಯಾಡ್ರಿ. ಒಂದು ಕಡಿ ಬರದ್ರ ನಾಕು ಮಂದಿಗಿ ಗೊತ್ತಾಗ್ತದ. ನಾಳೆ ಅಕಿ ಲಗ್ನ ಹೆಂಗಾಗ್ಬೇಕು? ಮತ್ತ ರೋಗ ಅದ ಅಂತ ನಾವೇ ಹೇಳಿದ್ರ ಅವರರ ಯಾಕ ತಗೋತಾರ್ರಿ? ಗಟ್ಟಿಮುಟ್ಟ ಹುಡುಗೂರು ಸಾಲು ಹಚ್ಚಿ ನಿಂತಿರ್ತಾರ.”

“ಖರೇ ಅದ ಅಕ್ಕಾರ” ಎಂದರು ಸರ್. “ತಗೊಳ್ಳಲಿಕ್ಕಿಲ್ಲ. ನನಗೂ ಅದೇ ಅಂಜಿಕಿ. ಆದ್ರ ಫರ್ಜ್ ಮಾಡ್ರಿ, ಇಲ್ಲ ಅಂತ ಬರದ್ವಿ, ತಗೊಂಡ್ರು. ಹಾಸ್ಟೆಲ್‌ನಾಗ ಒಂದಿನ ಮುಂಜಾನಿ ಈಕಿ ಏಳಲಿಲ್ಲ. ಬಾಜು ಪಲಂಗದ ಹುಡುಗಿ ಏನ್ ತಿಳ್ಕೋತಾಳ? ಪಾಪ, ದಣಿದಾಳ, ಮಲಗಲಿ ಅಂತಾಳ. ಚಾದರ ಹೊಚ್ಚಿ ಕ್ಲಾಸಿಗಿ ಹೋಗ್ತಾಳ.”

ಮಾತಿನ ಮನುಷ್ಯನಲ್ಲದ ಅಪ್ಪ ಮೂಲೆಯಲ್ಲಿ ಗುಂಡಿ ಹಚ್ಚುತ್ತಾ ಕೂತಿದ್ದವನು ತಲೆ ಎತ್ತದೆ, “ಬರೀರಿ ಸರ್, ಹೌದಂತ” ಎಂದ. ಅವ್ವ ವಾದಿಸದೆ ಎದ್ದು ಒಳಗೆ ಹೋದಳು. ನನಗೆ ಮೂವರ ಮೇಲೂ ಸಿಟ್ಟು ಬಂದಿತ್ತು. ನಾನು ಹಾಸ್ಟೆಲಿನಲ್ಲಿ ಸಾಯುವ ಮಾತು ನನಗೆ ತಾಗಲೇ ಇಲ್ಲ. ಹದಿನೇಳರಲ್ಲಿ ಯಾರಿಗೆ ತಾಗುತ್ತದೆ? ಆ ಒಂದು ‘ಹೌದು’ ನನ್ನ ಗಣಿತವನ್ನೆಲ್ಲ ನುಂಗಿಬಿಡುತ್ತದೆ ಎಂಬ ಭಯ ಮಾತ್ರ ಇತ್ತು.

ಬರೆದದ್ದಾಯಿತು. ಪರೀಕ್ಷೆಯಲ್ಲಿ ಪಾಸಾದೆ. ಸಂದರ್ಶನಕ್ಕೆ ಕರೆ ಬಂತು. ಅವ್ವ ನನ್ನ ಜೊತೆ ರೈಲು ಹತ್ತಿದಳು.

ಅಲ್ಲಿ ನಮ್ಮ ಸರದಿ ತಡವಾಯಿತು. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದವಳಿಗೆ ಎದುರಿನ ಗೋಡೆ ಅಲುಗಿದಂತಾಯಿತು. ಚೀಲದಲ್ಲಿ ಬಿಸ್ಕೀಟು ಇತ್ತು, ಅದನ್ನು ತೆಗೆಯಬೇಕು ಎಂಬುದು ಹೊಳೆಯಲಿಲ್ಲ. ಹೊಳೆಯದಿರುವುದೇ ಈ ರೋಗದ ಕಾಟ. ಅವ್ವ ಪಕ್ಕದಲ್ಲೇ ಇದ್ದಳು. ಹೆಸರು ಕೂಗಲು ಹೊರಬಂದ ಆಫೀಸಿನ ಹೆಂಗಸು ನನ್ನ ಮುಖ ನೋಡಿದವಳೇ ಒಳಗೆ ಓಡಿದಳು. ಸಕ್ಕರೆ ಕದಡಿದ ನೀರು ತಂದು ಕುಡಿಸಿದಳು. ನನ್ನ ಸರದಿಯನ್ನು ಹಿಂದಕ್ಕೆ ಹಾಕಿಸಿ, “ಅರ್ಜಿಯಲ್ಲಿ ನೋಡಿದ್ದೆ” ಎಂದು ಹಿಂದಿಯಲ್ಲಿ ಹೇಳಿದಳು.

ಒಳಗೆ ಎರಡು ಲೆಕ್ಕ ಕೊಟ್ಟರು. ಮೊದಲನೆಯದು ಸುಲಭದ್ದು. ಎರಡನೆಯದು ಚಂದದ್ದು. ಯಾರಾದರೂ ಆರು ಜನ ಒಂದೆಡೆ ಸೇರಿದರೆ ಅವರಲ್ಲಿ ಪರಸ್ಪರ ಪರಿಚಯವಿರುವ ಮೂವರಾದರೂ, ಪರಸ್ಪರ ಅಪರಿಚಿತರಾದ ಮೂವರಾದರೂ ಇದ್ದೇ ಇರುತ್ತಾರೆ, ಏಕೆ ಎಂದು ತೋರಿಸಬೇಕಿತ್ತು. ತೋರಿಸಿದೆ. ಕನ್ನಡಕದ ಹಿರಿಯರೊಬ್ಬರು “ಬಹಳ ಚೆನ್ನಾಗಿದೆ” ಎಂದರು. ಇನ್ನೇನು ಏಳಬೇಕು, ಪಕ್ಕದಲ್ಲಿದ್ದವರು ಕೇಳಿದರು: ಹಾಸ್ಟೆಲಿನಲ್ಲಿ ನಿನಗೆ ಏನಾದರೂ ಆದರೆ ಯಾರು ಹೊಣೆ? ನಾನೇ ಎಂದೆ. ಅವರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ನನಗೆ ಇಂದಿಗೂ ಗೊತ್ತಿಲ್ಲ.

ಹಿಂತಿರುಗಿ ಬಂದಾಗ ಸರ್ ಲೆಕ್ಕದ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಅದರ ಬಗ್ಗೆ ಕೇಳಿದ್ರೇನು?” ಎಂದರು. ಕೇಳಿದರು ಎಂದೆ. ಅವರ ಮುಖ ಸಣ್ಣದಾಯಿತು.

ಫಲಿತಾಂಶಕ್ಕೆ ಕಾಯುವ ದಿನಗಳು ಶುರುವಾದವು. ನಮ್ಮೂರಿನ ಸಂತೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಸರ್. “ಕೆಂಪು ಬಾಳಿಹಣ್ಣು ತಗೊಳ್ಳಾಕ ಬಂದಿದ್ದೆ. ಹಂಗೇ ಮಾತಾಡ್ಸಿ ಹೋಗಮ ಅಂತ.” ಕಮಲಾಪುರದ ಕೆಂಪು ಬಾಳೆ ಕಲಬುರಗಿಯ ಗಲ್ಲಿಗಲ್ಲಿಯಲ್ಲೂ ಸಿಗುತ್ತದೆ. ಅದಕ್ಕಾಗಿ ಬಸ್ಸು ಹತ್ತುವ ಕೆಲಸವಿಲ್ಲ. ಚಹಾ ಕುಡಿದರು. ಮಳೆ ಎಂದರು, ಬಸ್ಸಿನ ಡ್ರೈವರು ಮೊಬೈಲಿನಲ್ಲಿ ಮಾತಾಡುತ್ತಿದ್ದ ಎಂದರು. ಫಲಿತಾಂಶ ಬಂತೇ ಎಂದು ಕೇಳಲಿಲ್ಲ. ಕೇಳದೆ ನನ್ನ ಮುಖ, ಅವ್ವನ ಮುಖ ನೋಡಿ ಎದ್ದು ಹೋದರು. ಮುಂದಿನ ಸಂತೆಗೂ ಬಂದರು. ಅದರ ಮುಂದಿನದಕ್ಕೂ. ಪ್ರತಿ ಸಲ ಚೀಲದಿಂದ ಒಂದು ಚಿಪ್ಪು ತೆಗೆದು ನಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಸಕ್ಕರೆ ಕಾಯಿಲೆಯ ಹುಡುಗಿಯ ಮನೆಯಲ್ಲಿ ಅಷ್ಟು ಬಾಳೆಹಣ್ಣು! ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹಂಚಿದ. ಖಾಲಾ ಫೋನ್ ಮಾಡಿ ಗೋಳಾಡಿದರು: “ಮನಿ ತುಂಬ ಬಾಳಿಹಣ್ಣು ಅದಾವ ಬೇಟಾ. ಇವರು ಒಂದೂ ತಿನ್ನಂಗಿಲ್ಲ, ಹೊಟ್ಟಿ ಕೆಡ್ತದಂತ ಅಂಜಿಕಿ. ಲಗೂನ ಏನರ ಒಂದು ಹೇಳ್ರವ್ವಾ, ಆಗಿದ್ದಾಗ್ಲಿ.”

ನಾನು ನಗುತ್ತಿದ್ದೆ, ಆದರೆ ಒಳಗೆ ನನ್ನದೂ ಅದೇ ಪಾಡು. ದಿನಕ್ಕೆ ಹತ್ತಾರು ಸಲ ಮೊಬೈಲು ತೆಗೆದು ನೋಡುವುದು, ಮುಚ್ಚುವುದು. ಚಿಂತೆಗೆ ಸಕ್ಕರೆ ಏರುತ್ತಿತ್ತು. ಏರಿದ್ದಕ್ಕೆ ಸೂಜಿ ಹೆಚ್ಚಿಸಿದರೆ ಧಡಕ್ಕನೆ ಇಳಿಯುತ್ತಿತ್ತು. ಮೈಯೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆ ಎನಿಸುತ್ತಿತ್ತು.

ಪಟ್ಟಿ ಬಂತು. ನನ್ನ ಹೆಸರು ಇರಲಿಲ್ಲ. ಕಾರಣ ಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಎರಡು ದಿನ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಮೂರನೆಯ ದಿನ ಸರ್ ಬಂದರು. ಅಂದು ಸಂತೆಯಲ್ಲ. ಕೈಯಲ್ಲಿ ಚೀಲವೂ ಇಲ್ಲ. ರಣಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದರು. ಅಂಗಿಯೆಲ್ಲ ತೊಯ್ದಿತ್ತು. ಅಪ್ಪ ಕೊಟ್ಟ ನೀರನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ಕುಡಿಯಲಿಲ್ಲ.

“ಅಕ್ಕಾರ, ನನ್ನ ಮಾತು ಕೇಳಿ ನೀವು ತಪ್ಪು ಮಾಡಿದ್ರಿ. ಹುಡುಗಿ ನಸೀಬ ನಾ ಹಾಳ ಮಾಡಿದೆ” ಎಂದರು. “ಇನ್ನೊಂದು ಕಾಲೇಜ ಅದ. ಅದಕ್ಕೂ ಭಾಳ ಮಂದಿ ಬಡದಾಡ್ತಾರ, ಆದ್ರ ಈಕಿಗಿ ಸಿಗ್ತದ. ಈ ಸಲ ಇಲ್ಲ ಅಂತ ಬರೀರಿ. ಒಳಗ ಹೋಗಲಿ ಮೊದಲ. ಹೋದಮ್ಯಾಲ ಬಾಜುದಾಕಿಗಿ ಮೆಲ್ಲಕ ಹೇಳಿದ್ರಾತು.”

“ಹೌದು, ಹಂಗೇ ಬರೀತೀನಿ” ಎಂದು ನಾನು ಹಾಸಿಗೆಯಿಂದಲೇ ಕೂಗಿದೆ. ಎದ್ದು ಕೂತೆ ಕೂಡ. ಇಷ್ಟು ದಿನ ಅವ್ವ ಬಯಸಿದ್ದೂ ಇದನ್ನೇ ಅಲ್ಲವೇ? ಇನ್ನು ಅಡ್ಡಿಯಿಲ್ಲ ಎಂದುಕೊಂಡೆ.

ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು, “ಇಲ್ರಿ ಸರ್” ಎಂದಳು.

ಸರ್ ಅವಳ ಮುಖ ನೋಡಿದರು.

“ಅಲ್ಲಿ ನಾ ಈಕಿ ಬಾಜೂಕೇ ಕುಂತಿದ್ದೆ. ಈಕಿ ತಲಿ ವಾಲಿತ್ತು. ನಿದ್ದಿಗೆಟ್ಟಾಳ, ತೂಕಡಸಾಕತ್ತಾಳ ಅಂತ ನಾ ಸೆರಗು ಸರಿ ಮಾಡಿ ಸುಮ್ಮ ಕುಂತೆ. ಹಡದಾಕಿ ನಾನು, ನನಗೇ ಗೊತ್ತಾಗಲಿಲ್ಲ. ಆ ಆಫೀಸಿನಾಕಿ ಯಾರೋ ಏನೋ, ಓದಿ ತಿಳ್ಕೊಂಡಿದ್ಲು ಅಂತ ಓಡಿ ಬಂದ್ಲು.” ಅವಳು ಕಣ್ಣೊರೆಸಿಕೊಳ್ಳಲಿಲ್ಲ. “ಬಾಜು ಪಲಂಗದಾಕಿ ಚಾದರ ಹೊಚ್ತಾಳ ಅಂದ್ರಿ ನೀವು. ನಾನೇ ಹೊಚ್ಚಿದಂಗಾತು. ಹೌದು ಅಂತೇ ಬರೀಲಿ. ಸೀಟ್ ಸಿಗಲಿಲ್ಲಂದ್ರ ಕಮಲಾಪುರದಾಗೇ ಇರ್ತಾಳ. ಇರ್ತಾಳಲ್ರಿ.”

ನಾನು ಅತ್ತೆ, ಜಗಳ ಮಾಡಿದೆ, ನನ್ನ ಬಾಳು ಹಾಳು ಮಾಡಲು ಎಲ್ಲರೂ ಸೇರಿಕೊಂಡಿದ್ದೀರಿ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ ಕೈಯಲ್ಲಿದ್ದ ನೀರನ್ನು ಆಗ ಕುಡಿದರು. ಅವರನ್ನು ಬಸ್ಸಿನವರೆಗೆ ಬಿಟ್ಟು ಬರಲು ಅಪ್ಪ ನನ್ನನ್ನೇ ಕಳಿಸಿದ. ದಾರಿಯುದ್ದಕ್ಕೂ ಮುಖ ಉಬ್ಬಿಸಿಕೊಂಡೇ ನಡೆದೆ. ಬಸ್ಸು ಹತ್ತುವ ಮುಂಚೆ, “ನಿಮ್ಮವ್ವ ಭಾಳ ಗಟ್ಟಿ ಹೆಂಗಸು. ನಾ ಅಲ್ಲ ನೋಡು ಬೇಟಾ” ಎಂದರು. ನಾನು ಸಿಟ್ಟಿನಲ್ಲಿ ಮನೆಯ ಕಡೆ ತಿರುಗಿದೆ. ಆ ವಾರವೇ ಅವ್ವ ಸೋದರತ್ತೆಯ ಎದುರು ಶೇಂಗಾ ಉಂಡೆಯ ಡಬ್ಬಿಯನ್ನು ಹಿಂದಕ್ಕೆ ಸರಿಸಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ಊರಿಗೆಲ್ಲ ಗೊತ್ತಾಯಿತು. ಆಕಾಶವೇನೂ ಬೀಳಲಿಲ್ಲ. ನಾಲ್ಕು ದಿನ ಮಾತಾಡಿಕೊಂಡರು, ಅಷ್ಟೇ.

ಎರಡನೆಯ ಕಾಲೇಜಿಗೂ ಪರೀಕ್ಷೆ, ಸಂದರ್ಶನ ಆಯಿತು. ಅಲ್ಲಿಯೂ ಕಾಯಿಲೆಯ ಬಗ್ಗೆ ಕೇಳಿದರು. ಹಾಸ್ಟೆಲಿನಲ್ಲಿ ಫ್ರಿಜ್ ಎಲ್ಲಿದೆ ಎಂಬುದನ್ನು ನೀನೇ ಹೋಗಿ ನೋಡಿಕೊಂಡು ಬಾ ಎಂದು ಕಳಿಸಿದರು. ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ಎಂದು ಯೋಚಿಸಿ ಯೋಚಿಸಿ ಮತ್ತೆ ನಿದ್ದೆಗೆಟ್ಟೆ. ಈ ಸಲ ಸರ್ ಸಂತೆಗೆ ಬರಲಿಲ್ಲ. ತಾವು ಬಂದರೆ ಕೆಡುತ್ತದೆ ಎಂದು ಅವರಿಗೆ ಅನಿಸಿತ್ತಂತೆ.

ಸೀಟು ಸಿಕ್ಕಿತು. ಸಿಕ್ಕಿತು ಎಂದು ಓದಿದ ಕೂಡಲೇ ಅವ್ವ ಸೀರೆ ಬದಲಿಸಿ, “ನಡಿ, ಸರ್ ಮನಿಗಿ. ಫೋನ್‌ನಾಗ ಹೇಳೂದಲ್ಲ ಇದು” ಎಂದಳು. ಕಲಬುರಗಿಗೆ ಹೋದೆವು.

ಸರ್ ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿ ಹಿಂದಕ್ಕೆ ಸರಿದರು. ಹೇಳಿದೆ. ನಗಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ದಿವಾನದ ಮೇಲೆ ಕೂತರು. “ಹೌದು ಅಂತ ಬರದ್ರೂ ತಗೊಂಡ್ರೇನು?” ಎಂದರು.

“ತಗೊಂಡ್ರು ಸರ್.”

“ಓದಿದ್ರೇನು ಅವರು, ಬರದದ್ದು?”

“ಓದಿ, ಕೇಳಿ, ತಗೊಂಡಾರ್ರಿ ಸರ್.”

ಖಾಲಾ “ಯಾ ಅಲ್ಲಾ” ಎಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಎಲ್ಲರಿಗೂ ಚಹಾ ತಂದರು, ನನಗೆ ಸಕ್ಕರೆ ಇಲ್ಲದ್ದು. ಈಗಲಾದರೂ ಸರ್ ನಿರಾಳವಾಗಿ ನಗುತ್ತಾರೆ ಎಂದುಕೊಂಡೆ. ಅವರ ಹುಬ್ಬು ಮಾತ್ರ ಗಂಟಾಗಿಯೇ ಇತ್ತು. ಚಹಾ ಆರುತ್ತಿತ್ತು.

“ಹಂಗಾದ್ರ ಮೊದಲಿನವರು…” ಎಂದು ತಡೆದರು. ಮತ್ತೆ ಶುರು ಮಾಡಿದರು. “ಮೊದಲಿನವರು ಯಾಕ ಬಿಟ್ರು? ಅಲ್ಲಿ ಏನ್ ಲೆಕ್ಕ ಕೊಟ್ಟಿದ್ರು ನಿನಗ? ನಾ ಕೇಳೇ ಇಲ್ಲ.”

ಆರು ಜನರ ಲೆಕ್ಕವನ್ನು ಹೇಳಿದೆ.

ಅವರು ಮುಂದಕ್ಕೆ ಬಾಗಿದರು. ನನ್ನನ್ನೇ ನೋಡುತ್ತಿದ್ದರು. ಅಷ್ಟು ಆಸೆಗಣ್ಣಿನಿಂದ ಅವರು ನೋಡಿದ್ದನ್ನು ನಾನು ಕಂಡೇ ಇರಲಿಲ್ಲ. “ಅದು… ನಿನಗ ಬರಲಿಲ್ಲೇನು?”

ಆ ಬೇಸಿಗೆಯಿಡೀ ಈ ಮನುಷ್ಯ ಏನನ್ನು ಹೊತ್ತು ತಿರುಗಿದ್ದರು ಎಂಬುದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ತಾವು ಬರೆಸಿದ ಒಂದು ಮಾತಿಗೇ ನನ್ನ ಸೀಟು ಹೋಯಿತೇ ಎಂದು. ಅವರ ಮೇಲಿದ್ದ ಸಿಟ್ಟೆಲ್ಲ ಎತ್ತ ಹೋಯಿತೋ.

“ಹೌದ್ರಿ ಸರ್” ಎಂದೆ. “ಅರ್ಧಕ್ಕೇ ನಿಂತಿದ್ದೆ. ಮುಂದ ಹೊಳೀಲೇ ಇಲ್ಲ.”

ಅವ್ವ ನನ್ನ ಕಡೆ ನೋಡಿದಳು. ಎರಡೂ ಲೆಕ್ಕ ಬಿಡಿಸಿದೆ, ಬಹಳ ಚೆನ್ನಾಗಿದೆ ಅಂದರು ಎಂದು ಆ ದಿನ ರೈಲಿನಲ್ಲಿ ಅವಳ ತಲೆ ತಿಂದಿದ್ದೆ.

“ಅರೇ!” ಎಂದು ಸರ್ ದಿವಾನದಿಂದ ಎದ್ದರು. “ಅರೇ, ಅಷ್ಟು ಸರಳ ಲೆಕ್ಕ! ಅದನ್ನ ಬಿಟ್ಟು ಬಂದ್ರ ಯಾರ ತಗೋತಾರ ನಿನಗ? ನಾನಾದ್ರೂ ತಗೋತಿದ್ದಿಲ್ಲ!” ಮುಖಕ್ಕೆ ರಕ್ತ ಬಂದಿತ್ತು. ಬಯ್ಯುತ್ತಿದ್ದರು, ನಗುತ್ತಿದ್ದರು. “ಇಷ್ಟು ಕಲಿಸಿ ಏನ್ ಬಂತು? ಕುಂದ್ರು ಇಲ್ಲಿ.” ಖಾಲಾಗೆ ಇನ್ನೂ ಎರಡು ಕಪ್ಪು ತರಲು ಹೇಳಿ, ನಮ್ಮ ನಾಲ್ವರ ಚಹಾದ ಕಪ್ಪುಗಳ ಜೊತೆ ಸೇರಿಸಿ ಮೇಜಿನ ಮೇಲೆ ದುಂಡಗೆ ಇಟ್ಟರು.

“ಈಕಿ ಲಕ್ಷ್ಯ ಕೊಡಂಗಿಲ್ರಿ ಸರ್” ಎಂದಳು ಅವ್ವ. “ಸರಿಯಾಗಿ ತಿಳಿಸಿ ಹೇಳ್ರಿ.”

ಸರ್ ಒಂದು ಕಪ್ಪಿನ ಮೇಲೆ ಬೆರಳಿಟ್ಟು, ಈತನಿಗೆ ಉಳಿದ ಐವರಲ್ಲಿ ಯಾರ್ಯಾರು ಗೊತ್ತು, ಯಾರ್ಯಾರು ಗೊತ್ತಿಲ್ಲ ಎಂದು ಮೊದಲಿನಿಂದ ಶುರು ಮಾಡಿದರು. ನಾನು ಮೇಜಿನ ಹತ್ತಿರ ಸರಿದು ಕೂತು, ನಡುವೆ ಒಂದೆರಡು ಕಡೆ ತಿಳಿಯಲಿಲ್ಲ ಎಂದು ಕೇಳಿ, ಮತ್ತೆ ಹೇಳಿಸಿಕೊಂಡೆ.